ಕಪಾಟಿನೊಳಗಿನ ಎಮರ್ಜೆನ್ಸಿ

ಠಣ್, ಠಣ್, ಠಣ್! ಕಾನ್ವೆಂಟಿನಲ್ಲಿ ಸಿಸ್ಟರ್ ಬಾರಿಸುತ್ತಿದ್ದ ಹಿತ್ತಾಳೆಯ ಕೈಗಂಟೆ ಇನ್ನೂ ನನ್ನ ಕಿವಿಯಲ್ಲಿದೆ. ಅದು ಫೈರ್ ಡ್ರಿಲ್. "ಡೋಂಟ್ ರನ್, ಡೋಂಟ್ ಕ್ರೈ, ಥಿಂಕ್!" ನಾವು ಬೇವಿನ ಮರದಡಿ ಸಾಲಾಗಿ ನಿಂತು ಥಿಂಕ್ ಮಾಡುತ್ತಿದ್ದೆವು. ಬೆಂಕಿ ಮಾತ್ರ ಒಮ್ಮೆಯೂ ಬರಲಿಲ್ಲ. ಹೀಗಾಗಿ ಆಪತ್ತು ನಿಭಾಯಿಸುವುದರಲ್ಲಿ ನಾನು ಪರಿಣತೆ ಎಂಬ ನಂಬಿಕೆ ಈ ವಯಸ್ಸಿನವರೆಗೂ ಸುರಕ್ಷಿತವಾಗಿ ಉಳಿದಿತ್ತು.

"ಯಜಮಾನ್ರ ಶುಗರ್ ಒಮ್ಮೊಮ್ಮೆ ಪೂರಾ ಇಳೀತದ್ರಿ. ಕೈ ನಡುಗಿ ಬೆವರು ಬಂದ್ರ ತಡಾ ಮಾಡಬ್ಯಾಡ್ರಿ, ಸಿಹಿ ಕೊಡ್ರಿ. ಗಾಬರಿಯೊಳಗ ತಲಿ ಓಡಂಗಿಲ್ಲ, ಮೊದಲ ತಯಾರಿ ಇಟ್ಕೋರಿ" ಎಂದು ಡಾಕ್ಟರು ಹೇಳಿದಾಗ ನನಗೆ ನಗು ಬಂತು. ತಯಾರಿಯ ಪಾಠ, ನನಗೆ!

ಅಂದೇ ಕೆಂಪು ಚೀಲ ಸಿದ್ಧವಾಯಿತು. ಗ್ಲೂಕೋಸ್, ಚಮಚ, ಪೆಪ್ಪರ್‌ಮಿಂಟು, ಜೊತೆಗೆ ನನ್ನ ಚೆಂದದ ಕರ್ಸಿವ್ ಅಕ್ಷರಗಳಲ್ಲಿ ಒಂದು ಕಾರ್ಡು: 'ಸ್ಟೆಪ್ ಒನ್, ಸ್ಟೇ ಕಾಮ್.' ಎರಡೇ ದಿನಕ್ಕೆ ಪೆಪ್ಪರ್‌ಮಿಂಟು ಮಾಯ! ನಮ್ಮವರ ಬಾಯಲ್ಲಿ ಪರಿಮಳ. ಕೂಡಲೇ ಚೀಲದ ಜೊತೆ ಮನೆಯ ಸಿಹಿಯನ್ನೆಲ್ಲ ಕಪಾಟಿಗೆ ಸೇರಿಸಿ ಕೀಲಿ ಹಾಕಿದೆ. ಕೀಲಿ ನನ್ನ ಸೆರಗಿನ ಗಂಟಿಗೆ.

ಒಂದು ಸುಡು ಮಧ್ಯಾಹ್ನ, ಮಾತ್ರೆ ನುಂಗಿ ಊಟ ಮರೆತು ಪೇಪರ್ ಓದುತ್ತಿದ್ದ ನಮ್ಮವರು, "ಲೇ, ಕಣ್ಣು ಮಂಜಾಗಾಕತ್ತಾವ" ಎಂದರು. ಕೈ ನಡುಗುತ್ತಿತ್ತು. ಅಂಗಿ ತೊಯ್ದಿತ್ತು.

ನಾನು ಕಾಮ್! ಸೆರಗು ಮುಟ್ಟಿದೆ. ಗಂಟಿಲ್ಲ! ಈಗ ಸ್ಟೆಪ್ ಟೂ ಏನು? ಕಾರ್ಡಿನಲ್ಲಿದೆ. ಕಾರ್ಡು ಚೀಲದಲ್ಲಿದೆ. ಚೀಲ ಕಪಾಟಿನಲ್ಲಿದೆ. ಕಪಾಟಿಗೆ ಕೀಲಿ ಬೇಕು. ಮತ್ತೆ ಸೆರಗು ಮುಟ್ಟಿದೆ!

ಸಿಸ್ಟರ್ ಕ್ಷಮಿಸಲಿ, ಓಡಿದೆ. ಅಳುತ್ತಲೇ ಓಡಿದೆ. ಪಕ್ಕದ ಮನೆಯ ಕಾಶವ್ವ ಬಾಗಿಲಲ್ಲೇ ಸಿಕ್ಕಳು.

"ಕಾಶವ್ವಾ, ಸುತ್ತಿಗಿ ಕೊಡವಾ, ಸುತ್ತಿಗಿ!"

"ಕೊಡ್ತೇನ್ರಿ ಅಕ್ಕಾರ. ಬಿಸಲಾಗ ಬಂದೀರಿ, ಮೊದಲ ಬೆಲ್ಲ ತಿಂದು ನೀರು ಕುಡೀರಿ."

ಅವಳು ನಿಡೋಣಿ ಎಂಬ ಹಳ್ಳಿಯವಳು. ಬಂದವರ ಕೈಗೆ ಬೆಲ್ಲ, ನೀರು ಕೊಡದೆ ಅವಳಿಗೆ ಮಾತೇ ಹೊರಡದು.

"ಬೆಲ್ಲ ತಿನ್ನೂ ಹೊತ್ತೇನವಾ ಇದು? ನಮ್ಮವರ ಶುಗರ್ ಇಳದೈತಿ! ಸಿಹಿ ಎಲ್ಲಾ ಕಪಾಟಿನ್ಯಾಗೈತಿ, ಕಪಾಟ ಒಡೀಬೇಕು!"

ಕಾಶವ್ವ ನನ್ನ ಮುಖ ನೋಡಿದಳು. ತನ್ನ ಕೈಯಲ್ಲಿದ್ದ ಬೆಲ್ಲದ ತಾಟು ನೋಡಿದಳು. "ಯಪ್ಪಾ, ಇದಕ್ಕ ಕಾನ್ವೆಂಟ್ ಸಾಲಿ!" ಎಂದವಳೇ ತಾಟು ಸಮೇತ ನಮ್ಮ ಮನೆಗೆ ಓಡಿದಳು. ಹಿಂದೆ ನಾನು, ನೀರಿನ ತಂಬಿಗೆ ಹಿಡಿದು!

ಕಾಲು ಗಂಟೆಯಲ್ಲಿ ನಮ್ಮವರ ಕಣ್ಣು ತಿಳಿಯಾಯಿತು. "ಇನ್ನೊಂದು ಚೂರು ಕೊಡವಾ" ಎಂದು ಕೈಚಾಚಿದರು. ನನ್ನ ಜೀವ ಮರಳಿ ಬಂತು. ಹೊರಗೆ ಹಗ್ಗದ ಮೇಲೆ ನನ್ನ ಬೆಳಗಿನ ಸೀರೆ ಒಣಗುತ್ತಿತ್ತು, ಕೀಲಿಯ ಗಂಟಿನೊಂದಿಗೆ.

ಕಾಶವ್ವನನ್ನು ಕೊನೆಯ ಸಲ ನೋಡಿದ್ದು ಬಸ್ ಸ್ಟ್ಯಾಂಡಿನಲ್ಲಿ. ಕಾಖಂಡಕಿ ಊರಿನಲ್ಲಿದ್ದ ಮಗಳ ಮನೆಗೆ, ಇನ್ನು ಅಲ್ಲೇ ಇರಲು ಹೊರಟಿದ್ದಳು. ಈ ಸಲ ನನ್ನ ತಯಾರಿ ಪಕ್ಕಾ. ಅವಳ ಕೈಗಿಡಲೆಂದು ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು ಹೋಗಿದ್ದೆ. ಗಂಟು ಬಿಚ್ಚತೊಡಗಿದೆ. ಗಟ್ಟಿ ಗಂಟು. ನಾನು ಕಾಮ್. ಬಿಚ್ಚಿ ತಲೆಯೆತ್ತಿದಾಗ ಬಸ್ಸು ಗೇಟು ದಾಟುತ್ತಿತ್ತು. ಕಿಟಕಿಯಲ್ಲಿ ಅವಳು ಕೈ ಬೀಸುತ್ತಿದ್ದಳು.

ನಾನು ಓಡಲಿಲ್ಲ, ಅಳಲಿಲ್ಲ. ಅಂಗೈಯಲ್ಲಿ ಬೆಲ್ಲ ಹಿಡಿದು ಅಲ್ಲೇ ನಿಂತು ಥಿಂಕ್ ಮಾಡಿದೆ!