ಹವಾಲ್ದಾರರ ಇಬ್ಬರು ಹೆಂಡಿರು

ಆ ಬುಧವಾರವೂ ಎಂದಿನಂತೆ ಐದೂವರೆಗೆ ಎದ್ದು, ಅಂಗಳಕ್ಕೆ ನೀರು ಚಿಮುಕಿಸಿ, ಚಹಾಕ್ಕೆ ಇಟ್ಟು, ದೋಸೆ ಹಿಟ್ಟಿಗೆ ಉಪ್ಪು ಹಾಕಿದೆ. ನಮ್ಮವರು ಎಂದಿನಂತೆ ಕನ್ನಡಿಯ ಮುಂದೆ ಸೆಟೆದು ನಿಂತು ಗಡ್ಡ ಹೆರೆದುಕೊಂಡರು. ಹವಾಲ್ದಾರರಾಗಿ ನಿವೃತ್ತರಾದವರು, ಭಾನುವಾರವೂ ಗಡ್ಡ ಬಿಟ್ಟವರಲ್ಲ. ಬಲಗೆನ್ನೆ ತೊಳೆದ ಬಟ್ಟಲಿನಂತೆ ಹೊಳೆಯುತ್ತಿತ್ತು. ಎಡಗೆನ್ನೆಯಲ್ಲಿ ಮಾತ್ರ ಕೊಯ್ಲು ಮುಗಿದ ಗದ್ದೆಯ ಕೂಳೆ ಹಾಗೇ ನಿಂತಿತ್ತು.

ಎಡಗಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಅಂಕೋಲೆಯ ಕಣ್ಣಿನ ಡಾಕ್ಟರು, ಇನ್ನು ತಡ ಮಾಡಿದರೆ ಒಳಗೆ ಒತ್ತಡ ಹೆಚ್ಚಿ ಕಣ್ಣೇ ಹೋದೀತೆಂದು ಹೆದರಿಸಿ, ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಚೀಟಿ ಕೊಟ್ಟಿದ್ದರು. ಅಲ್ಲಿ ಶುಕ್ರವಾರಕ್ಕೆ ಹಾಸಿಗೆಯೂ ಸಿಕ್ಕಿತ್ತು. ಸ್ವಂತ ಖರ್ಚಿನಲ್ಲೇ ಮಾಡಿಸಿಬಿಡೋಣ ಎಂದು ನಾನು ಒಮ್ಮೆ ಮಾತೆತ್ತಿದ್ದಕ್ಕೆ ನಮ್ಮವರು ಎದ್ದೇ ನಿಂತಿದ್ದರು.

"ಆ ಹಿಮದಾಗೆ ನಿಂತದ್ದಕ್ಕೆ ಸರ್ಕಾರ ಕೊಡ್ತೆ ಹೇಳಿದ್ದು ಇದೊಂದೇಯ. ಅದನ್ನೂ ಬಿಟ್ಟುಕೊಡೂದಾ?"

ಆಗಷ್ಟೇ ಮಾಜಿ ಸೈನಿಕರಿಗೆಂದು ಹೊಸ ಆರೋಗ್ಯ ಕಾರ್ಡು ಬಂದಿತ್ತು. ಕಾರವಾರದ ಕೋಡಿಬಾಗದಲ್ಲಿ, ನದಿಯ ಕಡೆಗಿನ ಒಂದು ಬಾಡಿಗೆ ಮನೆಯಲ್ಲಿ ಅವರ ದವಾಖಾನೆ. ಅಲ್ಲಿಯ ಅಧಿಕಾರಿ ಕಾರ್ಡಿನ ಫಾರ್ಮಿನ ಮೇಲೊಂದು, ಡಾಕ್ಟರ ಚೀಟಿಯ ಮೇಲೊಂದು ಸಹಿ ಹಾಕಿ ಮೊಹರು ಒತ್ತಿದರೆ ಹುಬ್ಬಳ್ಳಿಗೆ ದಾರಿ ತೆರೆಯಿತು. ಆದರೆ ಅಧಿಕಾರಿ ಬರುವುದು ಬುಧವಾರ ಮಾತ್ರ. ಹಾಗಾಗಿ ಆ ಬುಧವಾರ ತಪ್ಪಿದರೆ ಶುಕ್ರವಾರವೂ ತಪ್ಪಿತು.

ಫಾರ್ಮು ತುಂಬುವ ಭಾರ ನನ್ನದು. ನಾನು ಕಾನ್ವೆಂಟಿನಲ್ಲಿ ಕಲಿತವಳು. ನನ್ನ ಅಕ್ಷರ ನೋಡಿ ಸಿಸ್ಟರ್ ಇಡೀ ತರಗತಿಗೆ ತೋರಿಸುತ್ತಿದ್ದರು. ಹಿಂದಿನ ದಿನವೇ ಅಳತೆಪಟ್ಟಿ ಇಟ್ಟು, ಒಂದು ಅಕ್ಷರ ಸಹ ಪೆಟ್ಟಿಗೆಯ ಗೆರೆ ಮುಟ್ಟದಂತೆ ತುಂಬಿದ್ದೆ. ನಮ್ಮವರು ಪಕ್ಕದಲ್ಲಿ ಕುಳಿತು, ಸೈನ್ಯದಿಂದ ಬರುವಾಗ ಕೊಟ್ಟ ದಾಖಲೆ ಪುಸ್ತಕ ನೋಡಿ ಬರೆ ಎಂದು ಎರಡು ಸಲ ಹೇಳಿದರು. ನನ್ನ ಹೆಸರು ಬರೆಯಲು ನನಗೆ ಪುಸ್ತಕ ಬೇಕೇ? ಹೆಂಡತಿಯ ಹೆಸರಿನ ಜಾಗದಲ್ಲಿ 'ಸುಹಾಸಿನಿ' ಎಂದು ಮುತ್ತು ಪೋಣಿಸಿದ ಹಾಗೆ ಬರೆದೆ.

ಅಂಕೋಲೆಯಿಂದ ಒಂಬತ್ತರ ಬಸ್ಸಿಗೆ ಹೋಗಿ, ಹತ್ತೂವರೆಗೆ ಗುಮಾಸ್ತರ ಮೇಜಿನ ಮುಂದೆ ಹಾಜರಾದೆವು. ಅವರೂ ಮಾಜಿ ಸೈನಿಕರೇ, ಸಂಭಾವಿತರು. ನಮ್ಮವರಿಗೆ ಕುರ್ಚಿ ಕೊಟ್ಟರು, ನನ್ನ ಅಕ್ಷರ ಹೊಗಳಿದರು. ನಾನು ಸೆರಗು ಸರಿಮಾಡಿಕೊಂಡೆ. ಅವರು ಪುಸ್ತಕ ತೆರೆದರು, ಫಾರ್ಮು ನೋಡಿದರು. ಮತ್ತೆ ಪುಸ್ತಕ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕೊನೆಗೆ ನಮ್ಮವರ ಕಿವಿಯ ಹತ್ತಿರ ಬಗ್ಗಿದರು.

"ಹವಾಲ್ದಾರ್ ಸಾಬ್, ಪುಸ್ತಕದಲ್ಲಿ ಲಲಿತಾ ಅಂತ ಉಂಟಲ್ಲ. ಇವ್ರು ಎರಡನೆಯವರಾ?"

ನಮ್ಮವರು ಕುರ್ಚಿಯಿಂದ ಎದ್ದು ಅಟೆನ್ಶನ್‌ನಲ್ಲಿ ನಿಂತರು. ಸೈನ್ಯದಲ್ಲಿ ಎರಡನೇ ಮದುವೆಯೆಂದರೆ ಬಂದೂಕು ಕಳೆದುಕೊಂಡಷ್ಟೇ ದೊಡ್ಡ ಅಪರಾಧವಂತೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಓದುತ್ತಿದ್ದ ಪೇಪರನ್ನು ಮಡಚಿಟ್ಟರು.

ಲಲಿತೆಯೂ ನಾನೇ. ನಮ್ಮ ಕಡೆ ಮದುವೆಯ ದಿನ ಹುಡುಗಿಗೆ ಹೊಸ ಹೆಸರಿಡುವುದುಂಟು. ಹರಿವಾಣದಲ್ಲಿ ಅಕ್ಕಿ ಹರಡಿ, ಉಂಗುರದಿಂದ ಗಂಡ ಆ ಹೆಸರು ಬರೆಯಬೇಕು. ನಮ್ಮ ಅತ್ತೆಯವರು 'ಸುಹಾಸಿನಿ' ಎಂದು ಆರಿಸಿದರು, ನಮ್ಮವರು ಬರೆದರು. ನಾಲ್ಕು ದಿನ ಬಿಟ್ಟು ರಜೆ ಮುಗಿಸಿ ಹೊರಡುವಾಗ, ಮದುವೆಯಾದದ್ದಕ್ಕೆ ದಾಖಲೆ ಬೇಕೆಂದು ನನ್ನ ಶಾಲೆಯ ಸರ್ಟಿಫಿಕೇಟು ಒಯ್ದು, ಅಲ್ಲಿ 'ಲಲಿತಾ' ಎಂದು ಬರೆಸಿದರು. ಎರಡು ಹೆಸರೂ ಅವರದೇ ಕೆಲಸ. ಆದರೆ ಪುಸ್ತಕ ನೋಡದೆ ತುಂಬಿದವಳು ನಾನು!

ಅಕ್ಕಿ, ಹರಿವಾಣ, ಉಂಗುರ ಎಲ್ಲವನ್ನೂ ಗುಮಾಸ್ತರಿಗೆ ವಿವರಿಸಿದೆ. ಅವರು ತಲೆಯಾಡಿಸಿ ಪೂರ್ತಿ ಕೇಳಿದರು. ತಮ್ಮ ಹೆಂಡತಿಗೂ ಹಾಗೇ ಹೆಸರಿಟ್ಟದ್ದೆಂದರು. ಆದರೆ ಅಕ್ಕಿಯ ಮೇಲೆ ಬರೆದದ್ದನ್ನು ಕಡತಕ್ಕೆ ಲಗತ್ತಿಸಲು ಬರುವುದಿಲ್ಲ, ಕೋರ್ಟಿನ ಹತ್ತಿರ ಹೋಗಿ ಅಫಿಡವಿಟ್ ತನ್ನಿ, ಸಾಹೇಬರು ನಾಲ್ಕರವರೆಗೆ ಇರುತ್ತಾರೆ ಎಂದರು.

ಹೋದೆವು. ನೋಟರಿಯವರು ಊಟಕ್ಕೆ ಹೋಗಿದ್ದರು. ಟೈಪು ಮಾಡುವವರು ಇದ್ದರು, ಆದರೆ ಅವರ ಯಂತ್ರದಲ್ಲಿ ಒಂದು ಅಕ್ಷರ ಏಳುತ್ತಿರಲಿಲ್ಲ; ಅದು ಬಂದಲ್ಲೆಲ್ಲ ಪೆನ್ನಿನಿಂದ ಬರೆದರು. ಎರಡೂವರೆಗೆ ಕಾಗದ ಕೈಗೆ ಬಂತು. ಸದರಿ ಲಲಿತಾ ಹಾಗೂ ಸದರಿ ಸುಹಾಸಿನಿ ಇಬ್ಬರೂ ಬೇರೆ ಬೇರೆ ಅಲ್ಲವೆಂದೂ, ಇಬ್ಬರೂ ಸದರಿ ಹವಾಲ್ದಾರರ ಒಬ್ಬಳೇ ಧರ್ಮಪತ್ನಿಯೆಂದೂ ಅದರಲ್ಲಿ ಪ್ರಮಾಣ ಮಾಡಿ ಹೇಳಲಾಗಿತ್ತು. ನಾನು ಎರಡು ಹೆಸರಿನಲ್ಲೂ ಸಹಿ ಹಾಕಿದೆ. ಎರಡೂ ಸಹಿ ಅಕ್ಕತಂಗಿಯರ ಹಾಗೆ ಚೆಂದ ಕಂಡವು.

ಇಲ್ಲಿಗೆ ನಿಂತಿದ್ದರೆ ಸಾಕಿತ್ತು.

ಕೋಡಿಬಾಗಕ್ಕೆ ಮರಳಲು ಟೆಂಪೋ ಹತ್ತಬೇಕು. ಮೊದಲು ಬಂದ ಟೆಂಪೋದ ತುಂಬ ಮೀನಿನ ಬುಟ್ಟಿಗಳು. ಕೆಳಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಕೈಯಲ್ಲಿದ್ದ ಕಾಗದಗಳನ್ನು ನೋಡಿದೆ. ಅಂಗೈ ಬೆವರಿಗೆ ಅಫಿಡವಿಟ್ಟಿನ ಒಂದು ಮೂಲೆ ಆಗಲೇ ಮುದುಡಿತ್ತು. ಅಷ್ಟರಲ್ಲಿ ಎದುರಿಗೇ ಝೆರಾಕ್ಸ್ ಅಂಗಡಿ ಕಂಡಿತು. ಬಾಗಿಲಲ್ಲಿ 'ಇಲ್ಲಿ ಲ್ಯಾಮಿನೇಶನ್ ಮಾಡಿ ಕೊಡಲಾಗುವುದು' ಎಂಬ ಫಲಕ. ಪುಸ್ತಕಕ್ಕೆ ಹೊದಿಕೆ ಹಾಕದೆ ಬಂದವರನ್ನು ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆ ಅಭ್ಯಾಸ ಎಲ್ಲಿ ಹೋಗಬೇಕು?

ನಮ್ಮವರು ಟೆಂಪೋದ ಬೋರ್ಡು ಓದಲು ಕಣ್ಣು ಕಿರಿದು ಮಾಡಿ ನಿಂತಿದ್ದರು. ನಾನು ಅವರನ್ನು ಕೇಳಲಿಲ್ಲ. ಅಫಿಡವಿಟ್ ಒಂದನ್ನೇ ಏಕೆಂದು ಫಾರ್ಮನ್ನೂ ಕೊಟ್ಟೆ. ಫಾರ್ಮಿನ ಜೊತೆ ಇರಲೆಂದು ಡಾಕ್ಟರ ಚೀಟಿಯನ್ನೂ ಕೊಟ್ಟೆ. ಐದೇ ನಿಮಿಷ. ಮೂರೂ ಬಿಸಿಬಿಸಿ ಹಪ್ಪಳದಂತೆ ಹೊರಬಂದವು. ಇನ್ನು ಕಾಳಿ ನದಿಗೆ ಬಿದ್ದರೂ ಅಡ್ಡಿಯಿಲ್ಲ ಎಂದು ನಿಶ್ಚಿಂತೆಯಿಂದ ಟೆಂಪೋ ಹತ್ತಿದೆ.

ಮೂರೂಕಾಲಿಗೆ ಗುಮಾಸ್ತರ ಮೇಜಿನ ಮೇಲೆ ಮೂರನ್ನೂ ಹರಡಿದೆ. ಕಿಟಕಿಯ ಬೆಳಕಿಗೆ ಫಳಫಳ ಹೊಳೆದವು. ಅವರು ಒಂದೊಂದನ್ನೂ ಉಗುರಿನಿಂದ ತಟ್ಟಿದರು. ಫಾರ್ಮನ್ನು ಎತ್ತಿ ಬಗ್ಗಿಸಿ ನೋಡಿದರು; ಅದು ಟಪ್ಪೆಂದು ನೆಟ್ಟಗಾಯಿತು.

"ಬಾಯೀ," ಎಂದರು ಮೆಲ್ಲಗೆ, "ಸಾಹೇಬರು ಸಹಿ ಎಲ್ಲಿ ಹಾಕೂದು?"



ಆದರೂ ಸಾಹೇಬರು ಒಳ್ಳೆಯವರು, ಪ್ರಯತ್ನಪಟ್ಟರು. ಬಾಲ್ ಪೆನ್ನು ಜಾರಿತು. ಶಾಯಿ ಪೆನ್ನಿನ ಸಹಿ ಹನಿಯಾಗಿ ಒಟ್ಟುಗೂಡಿ ಫಾರ್ಮಿನ ಅಂಚಿಗೆ ನಡೆಯಿತು. ಮೊಹರು ಒತ್ತಿದ್ದು ಪ್ಲಾಸ್ಟಿಕ್ಕಿಗೆ ಅಂಟದೆ ಅವರ ಬಿಳಿ ಅಂಗಿಯ ತೋಳಿಗೆ ಅಂಟಿತು. ಸರ್ಕಾರ ಅವರ ಮೊಣಕೈಯನ್ನು ಮಂಜೂರು ಮಾಡಿದಂತಾಯಿತು. ಅವರು ತೋಳು ನೋಡಿಕೊಂಡು, ಗಡಿಯಾರ ನೋಡಿ, ನಾಲ್ಕರೊಳಗೆ ಬಿಡಿಸಿ ತಂದರೆ ಹಾಕಿಕೊಡುತ್ತೇನೆ ಎಂದರು.

ಗುಮಾಸ್ತರು ಬ್ಲೇಡು ತಂದರು. ಎಲ್ಲಿಂದ ಕೊಯ್ಯುವುದೆಂದು ನಾನು ಅಂಚು ಹುಡುಕುತ್ತಿದ್ದೆ. "ತಾ ಇಲ್ಲಿ. ನಾನು ಕತ್ತಲಲ್ಲಿ ರೈಫಲ್ ಬಿಚ್ಚಿ ಜೋಡ್ಸಿದವ" ಎಂದು ನಮ್ಮವರು ಬ್ಲೇಡು ಕಸಿದುಕೊಂಡರು. ನಿಜ, ಅವರ ಕೈ ನಡುಗಲಿಲ್ಲ. ಕೈ ಸರಿಯಾಗೇ ಇತ್ತು, ಕಣ್ಣು ಇರಲಿಲ್ಲ. ಫಾರ್ಮು ನಡುವೆ ಎರಡು ಹೋಳಾಯಿತು. ಅಫಿಡವಿಟ್ಟಿನಲ್ಲಿ ಲಲಿತೆ ಒಂದು ಕಡೆ, ಸುಹಾಸಿನಿ ಒಂದು ಕಡೆಯಾಗಿ ಕಾನೂನುಬದ್ಧವಾಗಿ ಬೇರ್ಪಟ್ಟರು. ಡಾಕ್ಟರ ಚೀಟಿಯಂತೂ ಪದರು ಪದರಾಗಿ ಎದ್ದಿತು. ರೋಗಿಯ ಹೆಸರು ಪ್ಲಾಸ್ಟಿಕ್ಕಿನ ಜೊತೆ ಹೋಯಿತು, ರೋಗ ಮಾತ್ರ ಕಾಗದದಲ್ಲಿ ಉಳಿಯಿತು.

ಹಿಂದಿನ ಬೆಂಚಿನ ಹಿರಿಯರು ಇನ್ನೂ ಕಾಯುತ್ತಿದ್ದರು. ಒಂದು ಸಹಿಗಾಗಿ ಅವರದು ಇದು ಮೂರನೆಯ ಬುಧವಾರವಂತೆ. ನಮ್ಮ ಮೇಜಿನತ್ತ ಒಮ್ಮೆ ನೋಡಿ, ತಮ್ಮ ಕಾಗದಗಳನ್ನು ಎದೆಗೆ ಒತ್ತಿಕೊಂಡು ಸ್ವಲ್ಪ ದೂರ ಸರಿದು ಕುಳಿತರು.

ನಾಲ್ಕಕ್ಕೆ ಸಾಹೇಬರ ಜೀಪು ಹೊರಟಿತು. ಗುಮಾಸ್ತರು ತಾವಾಗಿ ಹುಬ್ಬಳ್ಳಿಗೆ ಫೋನು ಮಾಡಿ ವಿಚಾರಿಸಿದರು. ಶುಕ್ರವಾರದ ಹಾಸಿಗೆ ಬೇರೆಯವರಿಗೆ ಹೋಗುತ್ತದೆ, ಇನ್ನು ಮುಂದಿನ ತಿಂಗಳು, ಅದೂ ಹೊಸ ಚೀಟಿ, ಹೊಸ ಫಾರ್ಮು, ಹೊಸ ಅಫಿಡವಿಟ್ ತಂದರೆ. ಖಾಲಿ ಫಾರ್ಮು ಕೊಡುವಾಗ ಅವರು, ಇದನ್ನು ಹೀಗೇ ತನ್ನಿ ಬಾಯೀ, ನೆನೆದರೂ ಅಡ್ಡಿಲ್ಲ ಎಂದರು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ನಾನು ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ಬಸ್ಸಿನಲ್ಲಿ ಅಂಕೋಲೆಯವರೆಗೆ ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತೆ. ಸರ್ಕಾರದ ಮೇಲೆ ಸಿಟ್ಟು ಮಾಡೋಣವೆಂದರೆ ಕಾಗದ ಹಾಳು ಮಾಡಿದ್ದು ಸರ್ಕಾರವಲ್ಲ. ನನ್ನ ಮೇಲೆ ಮಾಡಿಕೊಳ್ಳೋಣವೆಂದರೆ, ಇಷ್ಟು ವರ್ಷ ಗಡಿ ಕಾದವರ ಕಣ್ಣು ನೋಡಲು ಹೆಂಡತಿಯ ಹೆಸರೇಕೆ ಬೇಕು? ಈ ಎರಡರ ಮಧ್ಯೆ ತಲೆ ಚಿಟ್ಟು ಹಿಡಿಯಿತು. ನಮ್ಮವರು ಅಮದಳ್ಳಿ ದಾಟಿದ ಮೇಲೆ ಒಂದೇ ಮಾತು ಆಡಿದರು.

"ಇರ್ಲಿ ಬಿಡೇ. ಹೆಂಡ್ರು ಇಬ್ರಾದ್ರೂ ಬೈಸ್ಕಳೂದು ಒಬ್ಬಳ ಹತ್ರವೇಯ."

ಆಮೇಲೆ ಇಳಿಯುವಾಗ ಮೆಟ್ಟಿಲು ಕಾಣದೆ ಎಡವಿದರು. ನಾನು ತೋಳು ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ. ಬೇರೆ ದಿನವಾದರೆ ಬಿಡಿಸಿಕೊಳ್ಳುತ್ತಿದ್ದರು.

ಮನೆಗೆ ಬಂದು ಕಾಲು ತೊಳೆದು, ಕತ್ತರಿಸಿದ ಪ್ಲಾಸ್ಟಿಕ್ ಚೂರುಗಳನ್ನು ಒಲೆಗೆ ಹಾಕಲೋ ಕಸಕ್ಕೆ ಹಾಕಲೋ ಎಂದು ಯೋಚಿಸುತ್ತ ಅಂಗಳದಲ್ಲಿ ನಿಂತಿದ್ದೆ. ಬೇಲಿಯಾಚೆಯ ನಾಗಮ್ಮ ಕರಿಬೇವು ಕೇಳಿಕೊಂಡು ಬಂದಳು. ಅವಳ ಗಂಡ ಮೀನಿಗೆಂದು ದೋಣಿಗೆ ಹೋಗುವವನು, ಅವನಿಗೂ ಕಣ್ಣಲ್ಲಿ ಪೊರೆ ಬಂದಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಹೋದ ವಾರ ಸರ್ಕಾರಿ ಆಸ್ಪತ್ರೆಯ ಶಿಬಿರಕ್ಕೆ ಬಲೆ ಒಣಗಿಸುವುದನ್ನು ಬಿಟ್ಟು ಹಾಗೇ ಹೋಗಿದ್ದನಂತೆ. ಸಾಲಿನಲ್ಲಿ ನಿಲ್ಲಿಸಿ ಆಪರೇಶನ್ ಮಾಡಿ, ಕರಿ ಕನ್ನಡಕ ಕೊಟ್ಟು ಕಳಿಸಿದರಂತೆ. ಈಗ ದಡದಿಂದಲೇ ದೂರದ ದೋಣಿ ಯಾರದ್ದೆಂದು ಹೇಳುತ್ತಾನಂತೆ.

ನಾನು ಕರಿಬೇವು ಮುರಿದು ಕೊಟ್ಟೆ. ಇನ್ನೊಂದು ಕೈಯಲ್ಲಿದ್ದ ಪ್ಲಾಸ್ಟಿಕ್ಕನ್ನು ಸೆರಗಿನಡಿ ಸರಿಸಿದೆ. ಅವಳು ಎಲೆ ಮೂಸಿ, ಬೇಲಿ ದಾಟುತ್ತ, ತಿರುಗಿಯೂ ನೋಡದೆ ಹೇಳಿದಳು:

"ನಮ್ಮಂಥೋರಿಗೆ ಆ ಶಿಬಿರವೇಯ ಗತಿ. ನಿಮಗೆಂತ ಬಿಡಿ ಅಮ್ಮಾ, ಮಿಲಿಟ್ರಿಯೋರು. ಒಂದು ಕಾಗದ ತೋರ್ಸಿದ್ರೆ ಆಯ್ತು."