ನಮ್ಮಣ್ಣನ ಪೊರೆ ಪುರಾಣ

ಕಿತ್ತಳೆ ಹಣ್ಣನ್ನು ಬಿಟ್ಟು ಸಿಪ್ಪೆಗೆ ಆಸೆಪಟ್ಟ ಮನುಷ್ಯ ಈ ಪ್ರಪಂಚದಲ್ಲಿ ಯಾರಾದರೂ ಇದ್ದರೆ ಅದು ನಮ್ಮಣ್ಣ. ಮೂತ್ರಪಿಂಡದ ಮೇಲೆ ಒಂದು ತೆಳು ಪೊರೆ ಇರುತ್ತದಂತೆ. ಒಳಗಿನ ಮೂತ್ರಪಿಂಡದ ಬಗ್ಗೆ ಅವನಿಗೆ ಅಷ್ಟೇನೂ ಗೌರವವಿರಲಿಲ್ಲ. ಆ ಪೊರೆ ಎಳೆದರೆ ಎಷ್ಟು ಹಿಗ್ಗುತ್ತದೆ, ಎಷ್ಟಕ್ಕೆ ಹರಿಯುತ್ತದೆ? ಇದನ್ನು ತಿಳಿಯಲು, ಜಪಾನಿನ ಆ ದೊಡ್ಡ ಭೂಕಂಪದ ಮರುವರ್ಷ, ಎಲ್ಲರೂ ಬೇಡವೆಂದರೂ ಟೋಕಿಯೋದ ವಿಶ್ವವಿದ್ಯಾಲಯವೊಂದಕ್ಕೆ ಬಂದ. ಮೂರು ವರ್ಷದೊಳಗೆ ಉತ್ತರ ಸಿಗದಿದ್ದರೆ ಬರಿಗೈಯಲ್ಲಿ ವಾಪಸ್ಸು. ನಾನು ಇಲ್ಲಿಯ ಕನ್ನಡಿಗರ ಹೋಟೆಲೊಂದರಲ್ಲಿ ಅಡುಗೆಯವನು. ಊರಂಚಿನ ಫುನಾಬೊರಿ ಬಡಾವಣೆಯಲ್ಲಿ ಇಬ್ಬರಿಗೂ ಸೇರಿ ಒಂದೇ ಕೋಣೆ.

ಬೆಳಿಗ್ಗೆ ಹಾಲು ಕಾಯಿಸಿದರೆ ಮುಗಿಯಿತು. ಎರಡು ಚಮಚ ಹಿಡಿದು ಕೆನೆಯನ್ನು ಎರಡೂ ಕಡೆಗೆ ಎಳೆಯುತ್ತಾ ನಿಲ್ಲುತ್ತಿದ್ದ.

"ಅಣ್ಣ, ಕಾಫಿ ಆರ್ತಾ ಇದೆ."

"ಆರಲಿ ಬಿಡೋ. ಕೆನೆ ಇನ್ನೂ ಸ್ವಲ್ಪ ಗಟ್ಟಿಯಾಗತ್ತೆ."

ಇಂಥವನಿಗೆ ಯಾರು ಹೆಣ್ಣು ಕೊಡುತ್ತಾರೆ, ನೀವೇ ಹೇಳಿ?

ಮೊಟ್ಟೆಯನ್ನೂ ಮುಟ್ಟದ ಈ ಮಹಾಶಯ ಮಾಂಸದ ಮಾರುಕಟ್ಟೆಯಿಂದ ಹಂದಿಯ ಕಿಡ್ನಿಗಳನ್ನು ಐಸ್ ಡಬ್ಬಿಯಲ್ಲಿಟ್ಟು ರೈಲಿನಲ್ಲಿ ತರುತ್ತಿದ್ದ. ಒಮ್ಮೆ ನಮ್ಮ ಕಡೆಯ ಆಂಟಿಯೊಬ್ಬರು ಎದುರಾಗಿ, "ಏನಪ್ಪಾ, ಬಾಕ್ಸ್ ತುಂಬಾ ಸ್ವೀಟಾ?" ಎಂದರು.

"ಹಂದಿ ಕಿಡ್ನಿ ಆಂಟಿ. ತುಂಬಾ ಫ್ರೆಶ್ ಆಗಿದೆ, ತೋರಿಸ್ಲಾ?"

ಆ ವರ್ಷ ಅವರ ಮನೆಯ ಗಣೇಶನ ಹಬ್ಬಕ್ಕೆ ಕರೆ ಬಂದದ್ದು ನನಗೊಬ್ಬನಿಗೇ.

ಆದರೆ ಅಣ್ಣನ ನಿಜವಾದ ಸಂಕಟ ಬೇರೆ. ಯಂತ್ರದ ಎರಡು ಹಿಡಿಕೆಗಳ ನಡುವೆ ಬಿಗಿದು ಎಳೆದಾಗ ಪೊರೆ ಸರಿಯಾಗಿ ನಡುವೆ ಹರಿಯಬೇಕು. ಹಿಡಿಕೆಯ ಅಂಚಿನಲ್ಲಿ ಹರಿದರೆ ಎಸೆಯಬೇಕು. ಅವನ ಪೊರೆಗಳೆಲ್ಲ ಅಂಚಿನಲ್ಲೇ ಹರಿದವು, ಇಲ್ಲವೇ ಜಾರಿದವು. ಮೂರು ವರ್ಷದ ಗಡುವು ಮುಗಿಯುವ ಮಾರ್ಚ್ ಹತ್ತಿರ ಬಂತು.

"ಡಾಕ್ಟ್ರು ಕಿಡ್ನಿ ಹೊಲಿಯೋವಾಗ ದಾರ ನಿಲ್ಲೋದು ಈ ಪೊರೆ ಮೇಲೇ ಕಣೋ. ಎಷ್ಟು ಬಿಗೀಬಹುದು ಅಂತ ಯಾರಾದ್ರೂ ಹೇಳ್ಬೇಕಲ್ಲ?" ಎಂದ ಒಂದು ಸಂಜೆ, ಅನ್ನ ಕಲಸುತ್ತಾ.

"ಕೋಳಿ ಚರ್ಮನೂ ಹಾಗೇ ಜಾರತ್ತೆ. ನಾವು ಒರಟು ಪೇಪರ್ ಟವೆಲ್‌ನಲ್ಲಿ ಹಿಡ್ಕೊಂಡು ಎಳೀತೀವಪ್ಪ."

ಅಣ್ಣ ತುತ್ತನ್ನು ತಟ್ಟೆಗೇ ಹಾಕಿ ನನ್ನನ್ನು ನೋಡಿದ. ನನ್ನ ಎಸ್ಸೆಸ್ಸೆಲ್ಸಿಗೆ ಮರ್ಯಾದೆ ಸಿಕ್ಕಿದ್ದು ಅವತ್ತೇ ಮೊದಲು.

ಬಡಗಿಗಳು ಮರ ಉಜ್ಜುವ ಉಪ್ಪುಕಾಗದವನ್ನು ಹಿಡಿಕೆಗಳಿಗೆ ಅಂಟಿಸಿದನಂತೆ. ಮೂರನೆಯ ದಿನ ಮಧ್ಯಾಹ್ನ, ಹೋಟೆಲು ತುಂಬಿದ್ದಾಗ ಫೋನು ಬಂತು. "ಹರೀತು ಕಣೋ. ಸರಿಯಾಗಿ ನಡುವೆ."

"ಹರೀತಾ!" ಎಂದು ಕೂಗಿಯೇಬಿಟ್ಟೆ.

"ಏನ್ರೀ ಅದು ಹರಿದದ್ದು?" ಪಕ್ಕದಲ್ಲಿದ್ದ ಮಾಲೀಕರು ಕೇಳಿದರು.

"ನಮ್ಮಣ್ಣನ ಕಿಡ್ನಿ ಸರ್," ಎಂದೆ, ಸಂತೋಷದಲ್ಲಿ. ಅವರು ಬೆವರು ಒರೆಸಿಕೊಂಡು ಎರಡು ದಿನ ರಜೆ ಕೊಟ್ಟೇಬಿಟ್ಟರು.

ಅಣ್ಣನಿಗೆ ಇನ್ನೆರಡು ವರ್ಷದ ಕೆಲಸ ಸಿಕ್ಕಿತು. ಅಷ್ಟು ಆಯುಸ್ಸು ಸಿಗಲಿಲ್ಲ. ಹೃದಯಾಘಾತ. ಆಸ್ಪತ್ರೆ ಮುಟ್ಟುವ ಮೊದಲೇ ಹೋದ.

ಇಲ್ಲಿಯ ಪ್ರಯೋಗಾಲಯಗಳಲ್ಲಿ ವರ್ಷಕ್ಕೊಮ್ಮೆ, ಕೆಲಸಕ್ಕೆ ಬಳಸಿದ ಪ್ರಾಣಿಗಳನ್ನು ನೆನೆದು ಒಂದು ಕಲ್ಲಿನ ಮುಂದೆ ಹೂವಿಡುತ್ತಾರೆ. ಈ ಸಲ ಅಣ್ಣನ ಜೊತೆಗಾರ ತನಾಕಾ ಸಾನ್ ನನ್ನನ್ನೂ ಕರೆದರು. ಅಣ್ಣನ ನೋಟ್‌ಬುಕ್ಕೊಂದನ್ನು ಕೈಗಿತ್ತರು. ಅದರಲ್ಲಿ ಇದ್ದದ್ದು ಅಂಚಿನಲ್ಲಿ ಹರಿದ ಪೊರೆಗಳ ಕ್ರಮಸಂಖ್ಯೆಗಳು ಮಾತ್ರ. ಪ್ರತಿ ವರ್ಷ ಅವನ್ನು ಒಂದೊಂದಾಗಿ ಓದಿ, ಕೈಮುಗಿದು, ಎಲ್ಲರಿಗಿಂತ ಕೊನೆಯಲ್ಲಿ ಹೊರಡುತ್ತಿದ್ದನಂತೆ.

"ಇವುಗಳ ವಿಷಯ ಯಾರೂ ಎಲ್ಲೂ ಬರೆಯೋದಿಲ್ಲ, ಅದಕ್ಕೇ ಓದಬೇಕು ಅಂತಿದ್ರು," ಎಂದರು ತನಾಕಾ ಸಾನ್, ನಿಧಾನವಾದ ಇಂಗ್ಲಿಷಿನಲ್ಲಿ. "ಇವತ್ತು ನೀವು ಓದ್ತೀರಾ?"

ಕನ್ನಡದಲ್ಲೇ ಓದಿದೆ. ಯಾರೂ ಅವಸರ ಮಾಡಲಿಲ್ಲ. ಪಟ್ಟಿ ಮುಗಿದ ಮೇಲೂ ಹೂವು ನನ್ನ ಕೈಯಲ್ಲೇ ಇತ್ತು. ಅಣ್ಣನ ಹೆಸರು ಹೇಳಿ ಇಟ್ಟೆ.