ಬ್ಯಾಂಡಿಗೆ ಬೆನ್ನು ಹಾಕಿ ಕೂತ ಮಾಮಾ

ನಮ್ಮ ಮಾಮಾನಿಗೆ ಸಂಗೀತದಲ್ಲಿ ಗೊತ್ತಿಲ್ಲದ್ದು ಒಂದೇ ಒಂದು: ಅದು ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದು! ಅದೊಂದನ್ನು ಬಿಟ್ಟರೆ, ಗಿಟಾರನ್ನು ಎದೆಯ ಯಾವ ಭಾಗಕ್ಕೆ ಆನಿಸಬೇಕು ಎಂಬುದರಿಂದ ಹಿಡಿದು ಡ್ರಮ್ ಬಾರಿಸುವವನು ಚಪ್ಪಲಿ ಎಲ್ಲಿ ಬಿಡಬೇಕು ಎಂಬುದರವರೆಗೆ, ಅವರ ಹತ್ತಿರ ಸಲಹೆ ಇಲ್ಲದ ವಿಷಯವೇ ಇಲ್ಲ. ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆ ಯಾರಾದರೂ ಹೊಸದಾಗಿ ಕ್ರೈಸ್ತ ಬ್ಯಾಂಡ್ ಕಟ್ಟುವವರಿದ್ದರೆ ದಯವಿಟ್ಟು ನನ್ನ ಬಳಿ ಬನ್ನಿ. ಮಾಮಾ ಕೊಟ್ಟ ಸಲಹೆಗಳನ್ನು ನಾನು ಬಹಳ ದಿನ ಮುಟ್ಟಲೇ ಇಲ್ಲ. ಪ್ಯಾಕು ಒಡೆಯದ ಹೊಸ ಸಾಮಾನಿನಂತೆ ಹಾಗೇ ಇದ್ದವು!

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ದಡ್ಡಿ ಎಂಬ ಊರಿನಲ್ಲಿ ಅರ್ಧ ಆಯುಷ್ಯ ಹಿಟ್ಟಿನ ಗಿರಣಿ ನಡೆಸಿದವರು. ಈಗ ಗಿರಣಿ ಮಾರಿ ಗೋಕಾಕದಲ್ಲಿ, ನಮ್ಮ ಚರ್ಚಿನ ಹಿಂದಿನ ಓಣಿಯಲ್ಲಿ ಅತ್ತೆಯ ಜೊತೆ ಇದ್ದಾರೆ. ಗಿರಣಿಯವರ ಕಿವಿ ಹೇಗಿರುತ್ತವೆ ಎಂದು ಅವರನ್ನೇ ಕೇಳಬೇಡಿ, ಕೇಳಿದರೂ ಕೇಳಿಸುವುದಿಲ್ಲ. ಬೆಲ್ಟಿನ ಸದ್ದು, ಕಲ್ಲಿನ ಸದ್ದು, ಮೋಟರಿನ ಸದ್ದು. ಅದರ ನಡುವೆ ಜೋಳದ ಪುಟ್ಟಿ ಹೊತ್ತು ಬಂದ ಹೆಣ್ಣುಮಕ್ಕಳು “ಸಣ್ಣಗ ಬೀಸ್ರಿ”, “ಸ್ವಲ್ಪ ದಪ್ಪ ಇರಲ್ರಿ” ಎಂದು ಬರೀ ಬಾಯಿ ಆಡಿಸುತ್ತಿದ್ದರು. ಮಾಮಾ ಆ ಬಾಯಿಗಳನ್ನು ನೋಡಿಯೇ ಬೀಸಿ ಕೊಡುತ್ತಿದ್ದರು. ಈ ವಿದ್ಯೆ ಗಿರಣಿಯೊಳಗೇ ಇದ್ದಿದ್ದರೆ ನಾವೆಲ್ಲ ಸುಖವಾಗಿರುತ್ತಿದ್ದೆವು. ಆದರೆ ಅವರು ಅದನ್ನು ಊರೆಲ್ಲ ಹೊತ್ತುಕೊಂಡು ತಿರುಗಿದರು!

ನನಗೆ ಹೆಣ್ಣು ನೋಡಲು ಹೋದಾಗಿನ ಮಾತು. ನಾವೆಲ್ಲ ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದೇವೆ. ದೂರದ ಅಡುಗೆಮನೆಯ ಬಾಗಿಲಲ್ಲಿ ಹುಡುಗಿಯ ಚಿಕ್ಕಮ್ಮಂದಿರು ಸೆರಗು ಬಾಯಿಗೆ ಹಿಡಿಯುವುದನ್ನೂ ಮರೆತು ಏನೋ ಪಿಸುಗುಡುತ್ತಿದ್ದಾರೆ. ಮಾಮಾ ಅವಲಕ್ಕಿಯ ಪ್ಲೇಟು ಕೆಳಗಿಟ್ಟು, ಮನೆಯೇ ಅದುರುವಂತೆ ಕೂಗಿದರು: “ನಮ್ಮ ಹುಡುಗನ ಮೂಗು ದೊಡ್ಡದಾದ್ರ ಏನಾತ್ರೀ ಅಕ್ಕಾರ? ವೆಲ್ಡಿಂಗ್ ಕನ್ನಡಕ ಜಾರಂಗಿಲ್ಲ!”

ಒಳಗಿನಿಂದ ಹುಡುಗಿ ನಕ್ಕ ಸದ್ದು ಕೇಳಿಸಿತು. ಆ ಮಾತಿಗೇ ತಾನು ಒಪ್ಪಿದ್ದು ಎಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಅಂದರೆ ನನ್ನನ್ನು ನೋಡಿ ಅಲ್ಲ!

ವೆಲ್ಡಿಂಗ್ ಎಂದೆನಲ್ಲ, ಅದು ನನ್ನ ಕೆಲಸ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಇನ್ನೊಬ್ಬರ ಶೆಡ್ಡಿನಲ್ಲಿ ಕಬ್ಬಿಣ ಹಿಡಿದು ನಿಂತವನು, ಇವತ್ತು ಮೂಡಲಗಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಸ್ವಂತ ಶೆಡ್ ಇಟ್ಟಿದ್ದೇನೆ. ಕಬ್ಬು ಹೇರಿಕೊಂಡು ಹೋಗುವ ಟ್ರೇಲರುಗಳಲ್ಲಿ ನನ್ನ ಬೆಸುಗೆ ಯಾವುದು ಎಂದು ರಸ್ತೆಯ ಈ ಕಡೆ ನಿಂತು ಹೇಳಬಲ್ಲೆ. ಇಂಥ ನನಗೆ ನಲವತ್ತು ದಾಟಿದ ಮೇಲೆ ಗಿಟಾರಿನ ಹುಚ್ಚು ಹಿಡಿಯಿತು. ಫೋನಿನ ವಿಡಿಯೋ ನೋಡಿ ಕಲಿತೆ. ಹೊಸಬರಿಗೆ ತಂತಿ ಒತ್ತಿ ಬೆರಳು ನೋಯುತ್ತವಂತೆ. ನನ್ನ ಬೆರಳುಗಳಿಗೆ ನೋವಿರಲಿ, ತಂತಿಯ ಮೇಲೆ ಇದ್ದೇವೋ ಬಾಜೂಕಿದ್ದೇವೋ ಎಂಬುದೂ ತಿಳಿಯುತ್ತಿರಲಿಲ್ಲ!

ಬ್ಯಾಂಡಿನಲ್ಲಿ ನಾವು ಮೂವರು. ಗಿಟಾರಿಗೂ ಹಾಡಿಗೂ ನಾನು. ಕೀಬೋರ್ಡಿಗೆ ಅರಭಾವಿಯಲ್ಲಿ ಸಸಿ ಮಾರುವ ಗೆಳೆಯ. ಡ್ರಮ್ಮಿಗೆ ಗೋಕಾಕದ ಆಟೋದವನು. ಇವನ ಆಟೋ ಬರುವ ಮೊದಲೇ ಅದರೊಳಗಿನ ಹಾಡು ಬಂದು ಸ್ಟ್ಯಾಂಡಿನಲ್ಲಿ ನಿಂತಿರುತ್ತದೆ! ಚರ್ಚಿನ ಹಿರಿಯರ ಕೈಕಾಲು ಹಿಡಿದು, ಹಳೆಯ ಹಾರ್ಮೋನಿಯಂ ಅನ್ನು ಕಪಾಟಿಗೆ ಸೇರಿಸಿ, ಶನಿವಾರ ಸಂಜೆ ಮೊದಲ ತಾಲೀಮಿಗೆ ಕೂತೆವು. ನಮ್ಮನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಮಾಮಾ ಬಂದೇಬಿಟ್ಟರು.

“ಅಳಿಯಾ, ಬಾರಸೂದು ಇರಲಿ. ಮೊದಲ ಚಾಪಿ ಹಾಸು.”

“ಯಾಕ್ರಿ ಮಾಮಾ?”

“ನಾಳಿ ಇಲ್ಲಿ ಯಾರ್ಯಾರು ಎಲ್ಲೆಲ್ಲಿ ಕುಂದರತಾರ, ಗೊತ್ತೈತೇನು ನಿನಗ?”

“ಇಲ್ರಿ.”

“ಮತ್ತ ಯಾರಿಗೆ ಬಾರಸ್ತಿಯೋ ಮಗನ? ಗ್ವಾಡಿಗೇನು?” ಎಂದು ಗೋಡೆ ತೋರಿಸಿದರು.

ಹಾಸಿದೆವು. ಬಾಗಿಲಿನಿಂದ ವೇದಿಕೆಯವರೆಗೆ ಹಾಸಿಸಿದರು. ಆಮೇಲೆ ಒಂದೊಂದು ಚಾಪೆಯ ಮುಂದೆಯೂ ನಿಲ್ಲಿಸಿ ಪಾಠ ಶುರುವಾಯಿತು. “ಇಲ್ಲಿ ಕುಂದರಾಕಿಗೆ ದಮ್ಮು, ಸಾಲು ಉದ್ದ ಎಳೀಬ್ಯಾಡ್ರಿ. ಇಲ್ಲಿ ಕುಂದರಾಂವಗ ಓದಾಕ ಬರಂಗಿಲ್ಲ, ಹೊಸ ಹಾಡು ದಿನಾ ತರಬ್ಯಾಡ್ರಿ. ಇಲ್ಲಿ ಕುಂದರಾಕಿ ಚೊಲೋ ಹಾಡ್ತಾಳ, ಖರೆ ನಾಚ್ತಾಳ.”

ಆಟೋದವನಿಗೆ ತಾಳ್ಮೆ ಕಡಿಮೆ. “ಮಾಮಾ, ಬ್ಯಾಂಡ್ ಕಲಸಾಕತ್ತೀರೋ, ಮತದಾರರ ಯಾದಿ ಓದಾಕತ್ತೀರೋ?” ಎಂದ.

ಮಾಮಾ ಅವನ ಬಾಯಿ ನೋಡಿದರು. “ಓಟ್ ಹಾಕಾಕ ಐದ ವರ್ಷಕ್ಕೊಮ್ಮಿ ಬರತಾರ. ಇವರು ಪ್ರತಿ ಐತವಾರ ಬರತಾರಪಾ,” ಎಂದರು.

ಎರಡನೆಯ ಸಲಹೆ ಸೌಂಡಿನದು. ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆ ತಂದಿದ್ದೆ, ನನ್ನ ಶೆಡ್ಡಿನಲ್ಲೇ ಸ್ಟ್ಯಾಂಡು ಕಟ್ಟಿದ್ದೆ. ಹಾಡು ಶುರುವಾದದ್ದೇ ಮಾಮಾ ಎದ್ದು ಬಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು, ಕಂಪೌಂಡರ್ ಹಣೆ ಮುಟ್ಟಿ ನೋಡುತ್ತಾನಲ್ಲ, ಹಾಗೆ.

“ಇದಕ್ಕ ಚಳಿಜ್ವರ ಬಂದೈತಿ. ಕಮ್ಮಿ ಮಾಡ್ರಿ.”

ಕಮ್ಮಿ ಮಾಡಿದೆವು. “ಇನ್ನೂ ನಡಗಾಕತ್ತೈತಿ.” ಮತ್ತೆ ಕಮ್ಮಿ ಮಾಡಿದೆವು. ಕೊನೆಗೆ ಪಕ್ಕದ ಮನೆಯ ಕುಕ್ಕರಿನ ಸೀಟಿ ನಮ್ಮ ಹಾಡಿಗಿಂತ ಸ್ಪಷ್ಟವಾಗಿ ಕೇಳಿಸತೊಡಗಿದಾಗ ಮಾಮಾ ಕೈ ತೆಗೆದು, “ಈಗ ಆರಾಮಾತು ನೋಡು,” ಎಂದರು.

“ಆರಾಮಲ್ರಿ ಮಾಮಾ, ಪೇಶಂಟ್ ಹೋಗೇಬಿಟ್ಟ!” ಎಂದ ಕೀಬೋರ್ಡಿನ ಗೆಳೆಯ.

ಮೂರನೆಯದು ನನ್ನ ಮರ್ಯಾದೆಗೇ ಕೈ ಹಾಕಿತು. ನನ್ನ ಗಂಟಲು ಎತ್ತರದ್ದು. ನಾನು ಹಾಡಿದರೆ ಕತ್ತಿನ ನರ ಉಬ್ಬಬೇಕು, ಜನ ತಲೆ ಎತ್ತಿ ನೋಡಬೇಕು! ಮಾಮಾ ನನ್ನ ಉಬ್ಬಿದ ನರಗಳನ್ನೇ ನೋಡುತ್ತ, “ಎರಡು ಪಟ್ಟಿ ಕೆಳಗಿಳಸು,” ಎಂದರು. ಪಟ್ಟಿ ಎಂದರೆ ಹಾರ್ಮೋನಿಯಂನ ಕರಿ-ಬಿಳಿ ಮನೆ, ಹಾಡಿನ ಎತ್ತರ. ಭಜನೆ ಮಾಡುವ ಯಾರಿಗಾದರೂ ಗೊತ್ತು.

“ನನ್ನ ಗಂಟಲಿಗೆ ಇದ ಬೇಕ್ರಿ ಮಾಮಾ.”

“ನಿನ್ನ ಗಂಟಲು ಒಂದು. ಚರ್ಚಿನ್ಯಾಗ ಗಂಟಲು ಎಷ್ಟು?”

ನಾಲ್ಕನೆಯದಂತೂ ಹುಚ್ಚುತನದ ಶಿಖರ. “ಮೂರನೇ ಚರಣ ಬಂದಾಗ ಕೈ ಎತ್ತಿಬಿಡ್ರಿ. ಏನೂ ಬಾರಸಬ್ಯಾಡ್ರಿ. ಜನಾನ ಹಾಡಲಿ.”

“ಕೈ ಎತ್ತಾಕ ಬ್ಯಾಂಡ್ ಯಾಕ ಬೇಕ್ರಿ?” ಎಂದು ನಾವು ಮೂವರೂ ಒಟ್ಟಿಗೆ ಕೇಳಿದೆವು. ಅಲ್ಲಿಯವರೆಗೆ ನಾವು ಒಟ್ಟಿಗೆ ಮಾಡಿದ್ದು ಅದೊಂದೇ!

ಕೇಳಿದೆವೇ ಈ ಸಲಹೆಗಳನ್ನು? ಛೇ! ಸ್ವಂತ ದುಡಿಮೆಯ ಗಿಟಾರು, ಸ್ವಂತ ಬೆಸುಗೆಯ ಸ್ಟ್ಯಾಂಡು. ಮಂದ ಕಿವಿಯವರು ಬಂದು ಸೌಂಡು ಕಮ್ಮಿ ಮಾಡು ಎಂದರೆ ಮಾಡಲು ನಾನೇನು ಸಣ್ಣ ಹುಡುಗನೇ?

ಭಾನುವಾರ ಬಂತು. ಮೂವರೂ ಒಂದೇ ಬಣ್ಣದ ಅಂಗಿ. ಮಾಮಾ ಎಂದಿನಂತೆ ಮುಂದಿನ ಸಾಲಿನ ತಮ್ಮ ಕುರ್ಚಿಯನ್ನು ತಿರುಗಿಸಿ, ಬ್ಯಾಂಡಿಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ಕೂತರು. ಇದು ಅವರ ಇತ್ತೀಚಿನ ಪದ್ಧತಿ. ಯಾಕೆ ಎಂದರೆ “ಯಾರು ತೂಕಡಸ್ತಾರ ಅಂತ ಪಾಸ್ಟರಿಗೆ ಹೇಳಾಕ ಒಬ್ಬ ಬೇಕಲ್ಲ?” ಎನ್ನುತ್ತಿದ್ದರು. ಪಾಸ್ಟರ್ ಉಪದೇಶಕ್ಕೆ ನಿಂತ ಕೂಡಲೇ ಮಾತ್ರ ಕುರ್ಚಿ ಗರ್ರನೆ ಮುಂದಕ್ಕೆ ತಿರುಗುತ್ತಿತ್ತು. ತೂಕಡಿಸುವವರು ಹೆಚ್ಚಾಗುವುದೇ ಆಗ ಎಂದು ಅವರಿಗೆ ಯಾರು ಹೇಳಬೇಕು!

ಬಾರಿಸಿದೆವು ನೋಡಿ! ಕಿಟಕಿಯ ಗಾಜುಗಳು ಕುಣಿದವು. ಆರಾಧನೆ ಮುಗಿದ ಮೇಲೆ ಎದೆಯುಬ್ಬಿಸಿಕೊಂಡು ಮಾಮಾನ ಎದುರು ನಿಂತೆ.

“ಹೆಂಗಾತ್ರಿ?”

“ಪ್ರಾರ್ಥನಿ ಹೊತ್ತಿನ್ಯಾಗ ಎಲ್ಲಾರ ಬಾಯಿ ಅಲ್ಲಾಡತಿದ್ವು. ನೀವು ಸುರು ಮಾಡಿದ್ರಿ, ಎಲ್ಲಾ ಬಂದ್.”

“ಅಂದ್ರ ಮೆಚ್ಚಿ ಕೇಳಾಕತ್ತಿದ್ರು ಮಾಮಾ!”

“ಮೆಚ್ಚಿದವರು ಬಾಯಿ ತಗದು ಕೇಳ್ತಾರೋ. ಒಬ್ಬಾಂವ ತಗದಿದ್ದ. ಆಕಳಸಾಕ.”

ಸಿಟ್ಟು ಬಂತು, ಮಾತು ಬಿಟ್ಟೆ. ಆದರೆ ವಾರ ವಾರ ಕಳೆದಂತೆ ಹಿರಿಯರಿಗೂ ಅದೇ ಕಾಣಿಸಿತು. ಮೊದಲು ಹಾರ್ಮೋನಿಯಂ ಜೊತೆ ಗಂಟಲು ಹರಿಯುವಂತೆ ಹಾಡುತ್ತಿದ್ದ ಜನ, ಈಗ ಬಸ್ಸಿಗೆ ಕಾಯುವವರ ಹಾಗೆ ಕೈ ಕಟ್ಟಿ ಕೂರುತ್ತಿದ್ದರು. ಒಂದು ದಿನ ಹಿರಿಯರು ನನ್ನನ್ನು ಕರೆದು ನೇರವಾಗಿಯೇ ಹೇಳಿದರು: “ಸುಗ್ಗಿ ಹಬ್ಬದ ಆರಾಧನಿ ತನಕ ನೋಡೂಣು. ಹುಕ್ಕೇರಿ, ಮೂಡಲಗಿ ಕಡೆ ಜನಾನೂ ಬರತಾರ. ಅವತ್ತೂ ಮಂದಿ ಹಾಡಲಿಲ್ಲಂದ್ರ, ಪೆಟ್ಟಿಗಿ ನಿಮ್ಮ ಶೆಡ್ಡಿಗೆ, ಹಾರ್ಮೋನಿಯಂ ಹೊರಗ.”

ನಾನು ಕಟ್ಟಿದ್ದು ಯಾವುದೂ ಹಾಗೆ ವಾಪಸು ಬಂದಿರಲಿಲ್ಲ! ಇದೆಲ್ಲ ಮಾಮಾನೇ ಹಿರಿಯರ ಕಿವಿಯಲ್ಲಿ ಊದಿದ್ದು ಎಂದುಕೊಂಡು, ಜಗಳ ಮಾಡಲೆಂದೇ ಅವರ ಮನೆಗೆ ಹೋದೆ. ಮಾಮಾ ಸಂತೆಗೆ ಹೋಗಿದ್ದರು. ಅತ್ತೆ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಜಗಳವನ್ನು ಅವರ ಮುಂದೆಯೇ ಬಿಚ್ಚಿದೆ.

“ಅತ್ತಿ, ಅರ್ಧ ಕಿವಿ ಕೇಳಸದವರು ನನ್ನ ಹಾಡಿನ್ಯಾಗ ತಪ್ಪು ತಗದ್ರ ಹೆಂಗ್ರಿ?”

ಅತ್ತೆ ಶೇಂಗಾದ ಮೊರ ಬಾಜೂಕ್ಕೆ ಸರಿಸಿದರು.

“ಅರ್ಧ ಎಲ್ಲೀದಪಾ? ಪೂರಾ ಹೋಗ್ಯಾವು. ಹೋದ ವರ್ಷನ ಡಾಕ್ಟರ್ ಕೈ ಚೆಲ್ಲಿದ್ರು. ಕಿವಿಗೆ ಮಷಿನ್ ಹಾಕಿ ನೋಡಿದ್ರು, ಅದರಾಗೂ ಏನೂ ಇಲ್ಲ. ಯಾರಿಗೂ ಹೇಳಬ್ಯಾಡಂತ ನನಗ ಆಣಿ ಹಾಕ್ಯಾರ.”

“ಮತ್ತ ಚರ್ಚಿನ್ಯಾಗ?” ಎಂದೆ.

“ಚರ್ಚಿನ್ಯಾಗ ನನ್ನ ಬಾಯಿ ನೋಡತಾರ. ಅದಕ್ಕ ಕುರ್ಚಿ ತಿರಗಿಸ್ಕೊಂಡು ಕುಂದರತಾರ. ನಾ ಹಾಡಿದ್ದು ನೋಡಕೋತ ಒಳಗೊಳಗ ಹಾಡ್ತಾರ. ಹಾಡೆಲ್ಲಾ ಹಳೇವು ಅದಾವಲ್ಲ, ಬಾಯಿ ಕಂಡ್ರ ಸಾಕು, ರಾಗ ನೆನಪಾಕ್ಕೈತಂತ. ನೀ ಅಷ್ಟ ಮ್ಯಾಲ ಏರಿಸಿದ್ರ ನನಗ ಹಾಡಾಕ ಆಗಂಗಿಲ್ಲಪಾ, ಬಾಯಿ ಮುಚ್ಚತೇನಿ. ನಾ ಬಾಯಿ ಮುಚ್ಚಿದ್ನಿ ಅಂದ್ರ ಅವರಿಗೆ ಅಲ್ಲಿಗೆ ಹಾಡ ಮುಗೀತು.”

ಜಗಳ ಅಲ್ಲೇ ಬಿಟ್ಟು ಮೂಡಲಗಿಯ ಬಸ್ಸು ಹತ್ತಿದೆ. ಅರಭಾವಿಯಲ್ಲಿ ಬಸ್ಸು ನಿಂತಾಗ ಕೀಬೋರ್ಡಿನ ಗೆಳೆಯನಿಗೆ ಫೋನು ಹಚ್ಚಿ, “ಎರಡು ಪಟ್ಟಿ ಕೆಳಗ ಬಾರಸೂದು ರೂಢಿ ಮಾಡ್ಕೋ,” ಎಂದೆ. “ಯಾಕ?” ಎಂದ. “ನನ್ನ ಗಂಟಲು ಕೆಟ್ಟೈತಿ,” ಎಂದೆ. ಅತ್ತೆಗೆ ಹಾಕಿದ ಆಣೆ ನನಗೂ ಆಣೆಯೇ!

ಸುಗ್ಗಿ ಹಬ್ಬಕ್ಕೆ ಚರ್ಚು ಕಿಕ್ಕಿರಿದಿತ್ತು. ಕಬ್ಬಿನ ಜಲ್ಲೆ, ಬೆಲ್ಲದ ಪೆಂಟೆ, ಜೋಳದ ತೆನೆ, ಯಾರದೋ ಒಂದು ಸಿಟ್ಟಿನ ಹುಂಜ. ಇವುಗಳ ಬಾಜೂಕ್ಕೆ ಕುರ್ಚಿ ತಿರುಗಿಸಿ ನಮ್ಮ ಮಾಮಾ. ಹೆಂಗಸರ ಕಡೆ ಎರಡನೆಯ ಸಾಲಿನಲ್ಲಿ ಅತ್ತೆ. ಸ್ಪೀಕರಿನ ಪೆಟ್ಟಿಗೆಗೆ ನಾನೇ ಅಂಗೈ ಇಟ್ಟು ನೋಡಿದೆ, ಜ್ವರ ಇರಲಿಲ್ಲ. ಕೆಳಗಿನ ಪಟ್ಟಿಯಲ್ಲಿ ಶುರು ಮಾಡಿದೆವು. ನನ್ನ ಕತ್ತಿನ ನರ ಉಬ್ಬಲಿಲ್ಲ, ಯಾರೂ ತಲೆ ಎತ್ತಿ ನನ್ನನ್ನು ನೋಡಲೂ ಇಲ್ಲ. ಮೊದಲ ಚರಣಕ್ಕೆ ಅಲ್ಲೊಂದು ಇಲ್ಲೊಂದು ಧ್ವನಿ. ಎರಡನೆಯದಕ್ಕೆ ಹೆಂಗಸರ ಕಡೆಯಿಂದ ಒಂದು ಸಾಲು ಪೂರ್ತಿ ಎದ್ದು ಬಂತು.

ಮೂರನೆಯ ಚರಣ. ಆಟೋದವನ ಕಡೆ ನೋಡಿ ತಲೆಯಾಡಿಸಿದೆ. ಕೈ ಎತ್ತಿದೆವು.

ಒಂದು ಕ್ಷಣ ಹಿರಿಯರ ಮುಖ ನೋಡಿದೆ. ಆಮೇಲೆ, ಯಪ್ಪಾ, ಏನು ಹಾಡಿದರು ಅಂತೀರಿ! ದಮ್ಮಿನವಳು, ಓದು ಬಾರದವನು, ನಾಚುವವಳು, ಹುಕ್ಕೇರಿಯಿಂದ ಬಂದವರು, ಮೂಡಲಗಿಯವರು, ಎಲ್ಲರೂ. ತಂತಿ ನೋಡುವ ಕೆಲಸ ಇಲ್ಲದ್ದರಿಂದ ನಾನು ಮೊದಲ ಸಲ ಜನರ ಬಾಯಿಗಳನ್ನು ನೋಡಿದೆ. ಅತ್ತೆ ಗಿರಣಿಯಲ್ಲಿ ನಿಂತು ಮಾತಾಡುವವರಂತೆ ಒಂದೊಂದು ಅಕ್ಷರವನ್ನೂ ದೊಡ್ಡದಾಗಿ ಬಿಡಿಸಿ ಹಾಡುತ್ತಿದ್ದರು, ಕಣ್ಣು ಮಾಮಾನ ಮೇಲೆ. ಆಗ ಒಂದು ಗೊಗ್ಗರು ಧ್ವನಿ ಕೇಳಿಸಿತು. ರಾಗವಿಲ್ಲ, ಎತ್ತರವಿಲ್ಲ, ಎಲ್ಲರಿಗಿಂತ ಒಂದು ಮಾತು ಹಿಂದೆ. ಮಾಮಾ ಬಾಯಿ ಬಿಟ್ಟು ಹಾಡುತ್ತಿದ್ದರು. ತಮ್ಮ ಧ್ವನಿ ಎಷ್ಟು ದೊಡ್ಡದು ಎಂದು ಅವರಿಗೆ ಹೇಗೆ ತಿಳಿಯಬೇಕು?

ಸಭೆಯೆಲ್ಲ “ಸ್ತೋತ್ರ” ಎಂದು ನಿಲ್ಲಿಸಿತು. ಮಾಮಾನಿಗೆ ಆ ಮಾತು ಇನ್ನೂ ಬಾಕಿ ಇತ್ತು. ಕೊನೆಯ ಚರಣಕ್ಕೆ ಡ್ರಮ್ಮಿನ ಮೇಲೆ ಇಳಿಯಬೇಕಿದ್ದ ಆಟೋದವನ ಕೋಲುಗಳು ಗಾಳಿಯಲ್ಲೇ ನಿಂತವು. ಯಾರೂ ನಗಲಿಲ್ಲ, ಕೆಮ್ಮಲಿಲ್ಲ. ಅಷ್ಟು ದೊಡ್ಡ ಚರ್ಚಿನಲ್ಲಿ ಮಾಮಾ ಒಬ್ಬರೇ, ನಿಧಾನವಾಗಿ, “ಸ್ತೋ...ತ್ರ” ಎಂದು ಮುಗಿಸಿದರು.

ಮುಗಿಸಿ, ಎಲ್ಲರೂ ಇನ್ನೂ ಹಾಡುತ್ತಿದ್ದಾರೋ ಇಲ್ಲವೋ ಎಂದು ಗಾಬರಿಯಿಂದ ಅತ್ತೆಯ ಕಡೆ ನೋಡಿದರು. ಅತ್ತೆ ಸದ್ದೇ ಇಲ್ಲದೆ ಬಾಯಿ ಆಡಿಸಿದರು. ಅಷ್ಟನ್ನು ಓದಲು ನನಗೂ ಬಂತು.

“ಚೊಲೋ ಹಾಡಿದ್ರಿ. ಎಲ್ಲಾರೂ ನಿಮಗ ಕಾದ್ರು.”